ಉಪ್ಪು ಗಾಡಿಯವನು

ಬೆಳಗಿನ ಜಾವ ಮೂರೂವರೆಗೆ
ಡೊಕ್ಕುಮ್ ಊರು ಮಗ್ಗುಲು ಬದಲಿಸುವ ಹೊತ್ತಿಗೆ
ನಾನು ಗಾಡಿ ಹೊರಡಿಸುತ್ತೇನೆ.
ಮುಂದೆ ಉರುಳುವ ಕುಂಚ, ಹಿಂದೆ ಉಪ್ಪುನೀರು.
ಮೊದಲು ಸೈಕಲ್ ದಾರಿ, ಆಮೇಲೆ ಕಾರಿನ ರಸ್ತೆ.
ಯಾಕೆ ಹೀಗೆ, ಕೇಳಿದ ಹೊಸ ಹುಡುಗ ಯೆಲ್ಮರ್.
ಕಾರಿಗೆ ನಾಲ್ಕು ಕಾಲು, ಜಾರಿದರೂ ನಿಂತೀತು,
ಎರಡು ಚಕ್ರದವರು ಬಿದ್ದರೆ
ಮೂಳೆಯೇ ಲೆಕ್ಕ ಕೊಡಬೇಕು, ಅಂದೆ.

ಕುಂಚ ಹಾದಲ್ಲೆಲ್ಲ ಹಿಮದ ಕೆಳಗಿಂದ
ಕೆಂಪು ಡಾಂಬರು ಎದ್ದು ಬರುತ್ತದೆ,
ಸಿಪ್ಪೆ ತೆಗೆದ ಬೀಟ್‌ರೂಟಿನ ಹಾಗೆ.

ನಾಲ್ಕೂ ಹತ್ತಕ್ಕೆ ಒಬ್ಬಳು ಹಾದುಹೋಗುತ್ತಾಳೆ.
ಎಲ್ಲ ದಿನವಲ್ಲ. ಬಂದ ದಿನ ಅವಸರ.
ಮುಖ ಕಂಡಿಲ್ಲ. ಕಂಡದ್ದು ಹಿಂದಿನ ಕೆಂಪು ದೀಪ,
ಕ್ಯಾರಿಯರಿನ ಮೇಲೆ ಕಪ್ಪು ಚೀಲ,
ಎದುರು ಗಾಳಿಗೆ ಬಗ್ಗಿದ ಬೆನ್ನು.
ಒಮ್ಮೆ ದಾರಿಗಡ್ಡ ನಿಂತಿದ್ದೆ, ಗಂಟೆ ಬಾರಿಸಿದಳು,
‘ಸರಿ’ ಅಂತಲೋ, ‘ಆಚೆ ಸರಿ’ ಅಂತಲೋ.

ಎರಡನೆಯ ಸುತ್ತಿಗೆ ಹೋದಾಗ
ಹೊಸ ಉಪ್ಪಿನ ಮೇಲೆ ಅವಳದೊಂದೇ ಗೆರೆ.
ಅಡ್ಡರಸ್ತೆ ಬಂದರೂ ತಡವರಿಸದ ಗೆರೆ:
ಅಲ್ಲಿ ಕಾರುಗಳ ಎದುರು ನೆಲದಲ್ಲಿ
ಬಿಳಿಯ ಶಾರ್ಕ್ ಹಲ್ಲುಗಳಿವೆ, ನಿಲ್ಲಬೇಕಾದ್ದು ಅವು.
ಕಾಲುವೆ ಸೇತುವೆಯ ಏರಿನಲ್ಲಿ ತುಸು ಓಲಾಡುತ್ತದೆ,
ದಣಿವಲ್ಲ, ಎದ್ದುನಿಂತು ತುಳಿಯುತ್ತಾಳೆ ಅಷ್ಟೆ.
ಆಮೇಲೆ ಯಾವುದೋ ಓಣಿ,
ಇಡೀ ಸಾಲಿನಲ್ಲಿ ಬೆಳಕಿರುವ ಒಂದೇ ಕಿಟಕಿ,
ಗೆರೆ ಅಲ್ಲಿಗೆ ಮುಗಿಯುತ್ತದೆ.

ಕಳ್ಳಿಯಿರಬೇಕು, ಅಂದ ಯೆಲ್ಮರ್.
ಮೂರು ದಿನ ಕಳೆದು ಅದೇ ಅಂಗಳದಲ್ಲಿ
ಮರದ ಕೊಕ್ಕರೆ ನಿಂತಿತ್ತು,
ಕೊಕ್ಕಿನಲ್ಲಿ ಬಟ್ಟೆಯ ಜೋಳಿಗೆ,
ಅದರ ಮೇಲೆ ಇನ್ನೂ ಒಣಗದ ಬಣ್ಣದಲ್ಲಿ: ಯಿಲ್ಡೌ.
ಓ, ಸೂಲಗಿತ್ತಿ.

ನಿಮ್ಮದೇನು, ಚಪ್ಪಟೆ ನೆಲ, ಅನ್ನುತ್ತಾರೆ
ಹೊರಗಿನಿಂದ ಬಂದವರು,
ಸೈಕಲ್ಲೆಂದರೆ ನೀರು ಕುಡಿದಷ್ಟು ಸುಲಭ.
ಗಾಳಿಯನ್ನು ಮರೆಯುತ್ತಾರೆ.
ನಮ್ಮ ಗುಡ್ಡಗಳೆಲ್ಲ ಇರುವುದು ಗಾಳಿಯಲ್ಲಿ.
ಅವ್ವನ ಸಂಗತಿ, ಪಾಪ, ಅವರಿಗೆ ಗೊತ್ತಿಲ್ಲ.

ಆಗ ನನಗೆ ಎಂಟು. ಪಕ್ಕದ ಮನೆಯ ವಿಟ್ಸೆಗೆ ಏಳು.
ಹಾಲಿಗೆಂದು ಸೈಕಲ್ ಹತ್ತಿ ಹೋದ.
ಕ್ಯಾನು ಮಾತ್ರ ಚರಂಡಿಯತನಕ ಉರುಳಿ ಬಂತು.
ಮಣ್ಣು ಮಾಡಿ ಬಂದ ಮರುದಿನ ಅವ್ವ
ಅಡುಗೆಮನೆಯ ಕುರ್ಚಿ ತಂದು ನಡುರಸ್ತೆಯಲ್ಲಿಟ್ಟು ಕೂತಳು,
ತೊಡೆಯ ಮೇಲೆ ಬೋಗುಣಿ, ಕೈಯಲ್ಲಿ ಚಾಕು.
ಕಾರುಗಳು ಹಾರ್ನ್ ಹೊಡೆದವು.
ಅವ್ವ ಆಲೂಗಡ್ಡೆ ಸುಲಿದಳು.
ವಿಟ್ಸೆಯ ಅವ್ವ ಇನ್ನೊಂದು ಕುರ್ಚಿ ತಂದಳು.
ಅವಳು ಸುಲಿಯಲಿಲ್ಲ, ಬರಿದೆ ಕೂತಳು.
ಸಂಜೆಗೆ ಹನ್ನೊಂದು ಕುರ್ಚಿ.
ಪೊಲೀಸ್ ಹಾಯ್ಟೆಮಾ ಟೋಪಿ ತೆಗೆದು
ಕೈಯಲ್ಲಿ ತಿರುಗಿಸುತ್ತ ನಿಂತಿದ್ದ, ಮಾತು ತೋಚದೆ.
ಆ ರಾತ್ರಿ ಬೀದಿಗೆಲ್ಲ ಸಾಲುವಷ್ಟು ಆಲೂಗಡ್ಡೆ ಬೆಂದಿತ್ತು,
ಯಾರೂ ಉಣ್ಣಲಿಲ್ಲ.

ಕೆಂಪು ದಾರಿ ಬರಲು ಇನ್ನೂ ಒಂಬತ್ತು ವರ್ಷ ಬೇಕಾಯಿತು.
ಸಭೆ, ನಕ್ಷೆ, ಅಂಗಡಿಯವರ ಜಗಳ, ಮತ್ತೆ ಸಭೆ.
ಅವ್ವನ ಕುರ್ಚಿಯಿದ್ದ ಜಾಗ ಬಂದಾಗ
ಈಗಲೂ ಗಾಡಿಯ ವೇಗ ತಗ್ಗಿಸುತ್ತೇನೆ.
ಭಕ್ತಿ ಗಿಕ್ತಿ ಏನಲ್ಲ,
ಅಲ್ಲೊಂದು ಮೋರಿಯ ಮುಚ್ಚಳ ಮೇಲೆದ್ದಿದೆ,
ಕುಂಚ ಸಿಕ್ಕಿಕೊಳ್ಳುತ್ತದೆ.

ಎಂಟಕ್ಕೆ ಶಾಲೆಯ ಮಕ್ಕಳು ಬರುತ್ತಾರೆ, ಜೋಡಿ ಜೋಡಿ,
ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಗೆಳತಿಯ ಹೆಗಲಿಗೆ,
ಬಾಯಲ್ಲಿ ಬ್ರೆಡ್ಡು, ಬ್ರೆಡ್ಡಿನ ನಡುವೆಯೇ ಹರಟೆ.
ದಾರಿಯತ್ತ ನೋಡುವುದೇ ಇಲ್ಲ.
ನೋಡದೆ ಹೋಗಲೆಂದೇ ಅಲ್ಲವೆ ಇಷ್ಟೆಲ್ಲ.
ಸೂಲಗಿತ್ತಿಯ ಗೆರೆ ನೂರಾರು ಗೆರೆಗಳಡಿ ಅಳಿಸಿಹೋಗುತ್ತದೆ.

ಫ್ಲಾಸ್ಕಿನ ತಳದ ತಣ್ಣನೆ ಕಾಫಿ ಮುಗಿಸಿ
ಪೈಪು ಹಿಡಿದು ಗಾಡಿ ತೊಳೆಯಲು ನಿಲ್ಲುತ್ತೇನೆ.
ಇಡೀ ರಾತ್ರಿ ಉಪ್ಪು ತಿಂದಿದೆ,
ನೀರು ಕುಡಿಯಲೇಬೇಕು.